ಮಂಜಿನ ಬೆಟ್ಟದಲ್ಲಿ ನಾಲ್ಕು ಮೊಳದ ದಾರಿ

ಶರದೃತುವೆಂದರೆ ನಿರ್ಮಲವಾದ ಆಕಾಶ, ತಿಳಿಯಾದ ನೀರು, ಹಾಲಿನಂಥ ಬೆಳುದಿಂಗಳು ಎಂದು ನಮ್ಮ ಪ್ರಾಚೀನ ಕವಿಗಳು ವರ್ಣಿಸಿದ್ದಾರೆ. ಆದರೆ ಆಶ್ವಯುಜ ಮಾಸವು ಎಲ್ಲ ವರ್ಷವೂ ಕವಿಗಳ ಮಾತಿಗೆ ಒಳಪಡುವುದಿಲ್ಲ. ಹಸ್ತ, ಚಿತ್ತಾ, ಸ್ವಾತಿ ಮಳೆಗಳು ಸುರಿಯುವ ಕಾಲವದು. ಬೆಳವಲದ ರೈತನು ಹಿಂಗಾರಿ ಜೋಳ, ಕಡಲೆ, ಕುಸುಬೆಯ ಬಿತ್ತನೆಗಾಗಿ ಆ ಮಳೆಯ ದಾರಿಯನ್ನೇ ಕಾಯುತ್ತಿರುತ್ತಾನೆ. ಬೆಳವಲ ಮುಗಿದು ಮಲೆನಾಡಿನ ಸೆರಗು ಆರಂಭವಾಗುವ ಕಲಘಟಗಿ ತಾಲ್ಲೂಕಿನ ನಮ್ಮ ಮಿಶ್ರಿಕೋಟಿಯಂಥ ಊರುಗಳಲ್ಲಿ ಆ ದಿನಗಳ ಬೆಳಗು ಎಷ್ಟೋ ಸಲ ತೆಳುವಾದ ಮಂಜಿನಲ್ಲಿಯೇ ಆಗುತ್ತದೆ.

ಇದೇ ದಿನಗಳಲ್ಲಿ ಶಾಲೆಗಳಿಗೆ ದಸರೆಯ ರಜೆ. ಮಕ್ಕಳಿಗೆ ಬಿಡುವು, ಹಿರಿಯರಿಗೆ ಉತ್ಸಾಹ. ಶ್ರಾವಕ ಶ್ರಾವಿಕೆಯರು ಗುಂಪು ಕಟ್ಟಿಕೊಂಡು ಕ್ಷೇತ್ರದರ್ಶನಕ್ಕೆ ಹೊರಡುತ್ತಾರೆ. ನಮ್ಮ ಪುಣ್ಯಕ್ಷೇತ್ರಗಳಲ್ಲಿ ಬೆಟ್ಟದ ಮೇಲಿರುವವು ಅನೇಕ. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದ ಶಿಖರ, ನೇಮಿನಾಥ ಸ್ವಾಮಿಯ ಗಿರನಾರ, ನಮ್ಮದೇ ನಾಡಿನ ವಿಂಧ್ಯಗಿರಿ ಮತ್ತು ಚಂದ್ರಗಿರಿ, ಮಲೆನಾಡಿನ ಕುಂದಾದ್ರಿ, ಇವೆಲ್ಲವೂ ಬೆಟ್ಟ ಹತ್ತಿ ಕಾಣುವ ಸ್ಥಳಗಳು. ಹೀಗಾಗಿ ಮಳೆ ನಿಲ್ಲದ, ಮಂಜು ಬಿಡದ ದಿನಗಳಲ್ಲಿ ಗುಂಪಾಗಿ ಬೆಟ್ಟ ಹತ್ತುವ ಪ್ರಸಂಗ ನಮಗೆ ಮೇಲಿಂದ ಮೇಲೆ ಒದಗುತ್ತದೆ. ಆಗ ಎರಡು ಪ್ರಶ್ನೆಗಳು ಏಳುತ್ತವೆ. ಇಂಥ ಕಾಲದಲ್ಲಿ ಹತ್ತಬಹುದೇ? ಹತ್ತುವುದಾದರೆ ಹೇಗೆ ಹತ್ತಬೇಕು? ನಮ್ಮ ಆಚಾರ್ಯರು ಈ ಎರಡಕ್ಕೂ ಉತ್ತರಗಳನ್ನು ಇಟ್ಟು ಹೋಗಿದ್ದಾರೆ.

ನಿಂತ ಮುನಿಗಳು, ಹೊರಟ ಶ್ರಾವಕರು

ಆಷಾಢದಿಂದ ದೀಪಾವಳಿಯ ಸುಮಾರಿನವರೆಗೆ ನಮ್ಮ ಮುನಿಗಳು, ಆರ್ಯಿಕೆಯರು ಒಂದೇ ಊರಿನಲ್ಲಿ ನೆಲೆ ನಿಲ್ಲುತ್ತಾರೆ. ಇದೇ ಚಾತುರ್ಮಾಸ ಅಥವಾ ವರ್ಷಾಯೋಗ. ವರ್ಷವಿಡೀ ಬರಿಗಾಲಿನಲ್ಲಿ ವಿಹಾರ ಮಾಡುವವರು ಈ ಕಾಲದಲ್ಲಿ ಮಾತ್ರ ಏಕೆ ನಿಲ್ಲುತ್ತಾರೆ? ಮಳೆಗೆ ಹೆದರಿ ನಿಲ್ಲುವವರಲ್ಲ ಅವರು. ಮಳೆ ಬಿದ್ದ ನೆಲವು ಜೀವಗಳಿಂದ ತುಂಬಿರುತ್ತದೆ. ಬೀಜ ಮೊಳೆಯುತ್ತದೆ, ಪಾಚಿ ಹರಡುತ್ತದೆ, ಎರೆಹುಳು ಮೇಲೆ ಬರುತ್ತದೆ, ಇರುವೆ ಗೂಡು ಬದಲಿಸುತ್ತದೆ, ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು ಹುಟ್ಟುತ್ತವೆ. ಪಾದ ಇಟ್ಟಲ್ಲೆಲ್ಲ ಒಂದು ಜೀವ ಇರುವಾಗ, ಪಾದವನ್ನು ಎತ್ತದಿರುವುದೇ ಅಹಿಂಸೆಯ ಸಾಧನೆ ಎಂದು ಅವರು ತಿಳಿದಿದ್ದಾರೆ.

ಗೃಹಸ್ಥನಿಗೆ ಇಷ್ಟು ಕಠಿಣವಾದ ನಿಯಮವಿಲ್ಲ. ಮುನಿಗಳದು ಮಹಾವ್ರತ, ನಮ್ಮದು ಅಣುವ್ರತ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದುಂಟು. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವುದು ಮೊದಲನೆಯದು. ಮನೆಗೆಲಸದಲ್ಲಿ, ಹೊಲದ ದುಡಿಮೆಯಲ್ಲಿ, ಆತ್ಮರಕ್ಷಣೆಯಲ್ಲಿ ಆಗುವುದು ಉಳಿದವು. ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು; ಮಿಕ್ಕ ಮೂರನ್ನು ಕಡಿಮೆ ಮಾಡುತ್ತ ಹೋಗಬೇಕು. ಹಿಂಗಾರಿಯ ಬಿತ್ತನೆಗೆ ಹೊಲ ಹರಗುವ ರೈತನಿಗೆ ನಿಲ್ಲು ಎಂದು ಧರ್ಮ ಹೇಳುವುದಿಲ್ಲ. ಹಾಗೆಯೇ ಬೆಟ್ಟದ ಬಸದಿಗೆ ಹೋಗುವ ಭಕ್ತನಿಗೂ ಬಾಗಿಲು ಹಾಕುವುದಿಲ್ಲ. ಆದರೆ ಮುನಿಗಳು ನಿಂತಿರುವ ಕಾಲದಲ್ಲಿ ನಾವು ಹೊರಟಿದ್ದೇವೆ ಎಂಬ ನೆನಪು ಇರಬೇಕು. ಅವರು ಏಕೆ ನಿಂತರೆಂಬುದನ್ನು ಅರಿತು ನಡೆಯುವವನ ಹೆಜ್ಜೆ ತಾನಾಗಿಯೇ ಹಗುರವಾಗುತ್ತದೆ. ಸಾಧ್ಯವಾದವರು ಬೆಟ್ಟದ ಯಾತ್ರೆಯನ್ನು ಕಾರ್ತಿಕದ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಸಾಧ್ಯವಾಗದವರು ಎರಡು ಪಟ್ಟು ಎಚ್ಚರದಿಂದ ಹೋಗಬೇಕು.

ಕುಂದಾದ್ರಿಯ ಮೋಡ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಗೆ ಹೋಗುವ ದಾರಿಯ ಗುಡ್ಡೇಕೇರಿಯ ಸಮೀಪ ಕುಂದಾದ್ರಿ ಇದೆ. ಸುತ್ತಲೂ ದಟ್ಟವಾದ ಕಾಡು. ನಡುವೆ ಎದ್ದು ನಿಂತ ಬಂಡೆಯ ನೆತ್ತಿ. ಆ ನೆತ್ತಿಯ ಮೇಲೆ ಪಾರ್ಶ್ವನಾಥ ಸ್ವಾಮಿಯ ಬಸದಿ, ಅದರ ಬದಿಯಲ್ಲಿ ಕಲ್ಲಿನ ಕೊಳ. ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರೆಂದು ಪರಂಪರೆ ಹೇಳುತ್ತದೆ. ಬೆಟ್ಟಕ್ಕೆ ಹೆಸರು ಬಂದದ್ದೂ ಅವರಿಂದಲೇ. ಸಮಯಸಾರ, ಪ್ರವಚನಸಾರ, ನಿಯಮಸಾರ, ಪಂಚಾಸ್ತಿಕಾಯ ಮೊದಲಾದ ಪ್ರಾಕೃತ ಗ್ರಂಥಗಳನ್ನು ರಚಿಸಿದ ಆ ಮಹಾನುಭಾವರ ಹೆಸರನ್ನು ಮಹಾವೀರ ಸ್ವಾಮಿ ಮತ್ತು ಗೌತಮ ಗಣಧರರ ಜೊತೆಯಲ್ಲಿಯೇ ನಾವು ಮಂಗಳದಲ್ಲಿ ಸ್ಮರಿಸುತ್ತೇವೆ.

ಈ ಪ್ರದೇಶದ ಮಳೆಯ ಪ್ರಮಾಣವನ್ನು ಬೆಳವಲದವರು ಊಹಿಸುವುದೂ ಕಷ್ಟ. ನಮ್ಮ ಧಾರವಾಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ, ಆಗುಂಬೆಯ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲೇರುವಾಗ ತಣಿಯುತ್ತದೆ. ಅದರೊಳಗಿನ ಆವಿ ಸಣ್ಣ ಸಣ್ಣ ಹನಿಗಳಾಗಿ ತೇಲುತ್ತದೆ. ಬುಡದಲ್ಲಿ ನಿಂತು ನೋಡುವವನಿಗೆ ಅದು ಬೆಟ್ಟದ ತಲೆಯ ಮೇಲೆ ಕುಳಿತ ಮೋಡ. ಅದರೊಳಗೆ ಹೊಕ್ಕವನಿಗೆ ಅದೇ ಮಂಜು. ಒಂದೇ ವಸ್ತುವನ್ನು ನಿಂತ ಸ್ಥಳಕ್ಕೆ ತಕ್ಕಂತೆ ಎರಡು ಹೆಸರಿನಿಂದ ಕರೆಯುತ್ತೇವೆ. ಎರಡೂ ಸತ್ಯವೇ. ಅನೇಕಾಂತವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ.

ಮುಂಗಾರು ಹಿಂದಿರುಗುವ ಅಕ್ಟೋಬರಿನಲ್ಲಿಯೂ ಇಲ್ಲಿ ಬೆಳಿಗ್ಗೆ ಕಂಡ ಮರ ಅರ್ಧ ಗಳಿಗೆಯಲ್ಲಿ ಮರೆಯಾಗುವುದುಂಟು. ಬಂಡೆಗಳ ಮೇಲೆ ನಾಲ್ಕು ತಿಂಗಳ ಮಳೆಯ ಹಾವಸೆ ಕಟ್ಟಿರುತ್ತದೆ. ಕಾಲಿಟ್ಟಲ್ಲಿ ಜಾರುವಿಕೆ, ಕಣ್ಣಿಟ್ಟಲ್ಲಿ ಬಿಳುಪು.

ನೊಗದುದ್ದದ ನೋಟ

ಇಂಥ ಮಂಜಿನಲ್ಲಿ ಸಿಲುಕಿದವನ ಮೊದಲ ಆತಂಕವೆಂದರೆ ದೂರದ್ದು ಕಾಣಿಸುತ್ತಿಲ್ಲವಲ್ಲ ಎಂಬುದು. ಶಿಖರ ಎಲ್ಲಿದೆ, ಇನ್ನೆಷ್ಟು ತಿರುವುಗಳಿವೆ, ಯಾವುದೂ ತಿಳಿಯುವುದಿಲ್ಲ. ಆದರೆ ನಡಿಗೆಗೆ ಎಷ್ಟು ದೂರ ಕಾಣಬೇಕು?

ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ, ಎಂದರೆ ನಡೆಯುವಾಗಿನ ಎಚ್ಚರ. ಕುಂದಕುಂದರು ನಿಯಮಸಾರದಲ್ಲಿ ಇದರ ಲಕ್ಷಣವನ್ನು ತಿಳಿಸುತ್ತ ಮೂರು ಸಂಗತಿಗಳನ್ನು ಹೇಳಿದ್ದಾರೆ. ನಡಿಗೆ ಹಗಲಿನಲ್ಲಿರಬೇಕು. ಈಗಾಗಲೇ ತುಳಿದು ಪ್ರಾಸುಕವಾದ, ಎಂದರೆ ಜೀವಗಳಿಲ್ಲದ ದಾರಿಯಲ್ಲಿರಬೇಕು. ಮತ್ತು ಮುಂದಿನ ಒಂದು ಯುಗದಷ್ಟು ನೆಲವನ್ನು ನೋಡುತ್ತ ಹೆಜ್ಜೆ ಇಡಬೇಕು. ಇಲ್ಲಿ ಯುಗವೆಂದರೆ ಕಾಲದ ಅಳತೆಯಲ್ಲ; ಎತ್ತಿನ ಹೆಗಲಿಗೇರಿಸುವ ನೊಗ. ನೊಗದುದ್ದವೆಂದರೆ ನಾಲ್ಕು ಮೊಳ. ರೈತನ ಮನೆಯ ಅಂಗಳದಲ್ಲಿ ಒರಗಿರುವ ಸಾಧನವನ್ನೇ ಆಚಾರ್ಯರು ಮೋಕ್ಷಮಾರ್ಗದ ಅಳತೆಗೋಲನ್ನಾಗಿ ಮಾಡಿದರು.

ಹೆಚ್ಚಿನ ಮಂಜಿನಲ್ಲಿಯೂ ನಾಲ್ಕು ಮೊಳದ ನೆಲ ಕಾಣುತ್ತದೆ. ಹಾಗಾದರೆ ಎಚ್ಚರದಿಂದ ನಡೆಯುವವನಿಗೆ ಬೇಕಾದಷ್ಟು ಬೆಳಕು ಇದ್ದೇ ಇದೆ. ಅಷ್ಟೂ ಕಾಣದಾದಾಗ ನಿಲ್ಲಬೇಕು. ಇದೂ ಆ ನಿಯಮದೊಳಗೇ ಅಡಗಿದೆ.

ಇದೇ ಆಚಾರ್ಯರು ಪ್ರವಚನಸಾರದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹಿಂಸೆಯನ್ನು ಸತ್ತ ಜೀವಗಳ ಲೆಕ್ಕದಿಂದ ಅವರು ಅಳೆಯುವುದಿಲ್ಲ. ಅಜಾಗ್ರತೆಯಿಂದ ನಡೆದವನ ಕಾಲಡಿಯಲ್ಲಿ ಅಕಸ್ಮಾತ್ತಾಗಿ ಯಾವ ಜೀವವೂ ಸಾಯದಿದ್ದರೂ ಅವನು ಹಿಂಸಕನೇ. ಸಮಿತಿಯನ್ನು ಪಾಲಿಸಿ ನೋಡಿ ನಡೆದವನ ಪಾದಕ್ಕೆ ತಿಳಿಯದೆ ಒಂದು ಜೀವ ಸಿಕ್ಕಿದರೂ, ಅಷ್ಟು ಮಾತ್ರದಿಂದ ಅವನಿಗೆ ಬಂಧವಿಲ್ಲವೆಂಬುದು ಅವರ ಅಭಿಪ್ರಾಯ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಂದರೆ ಅಜಾಗ್ರತೆಯನ್ನು, ಮುಂದಿಟ್ಟದ್ದೂ ಇದಕ್ಕಾಗಿಯೇ.

ಪ್ರಮಾದಗಳು ಹದಿನೈದು ಎಂದು ಶಾಸ್ತ್ರ ಎಣಿಸುತ್ತದೆ. ಕ್ರೋಧಾದಿ ನಾಲ್ಕು ಕಷಾಯಗಳು, ಐದು ಇಂದ್ರಿಯಗಳ ಸೆಳೆತ, ನಿದ್ರೆ, ಸ್ನೇಹ, ಮತ್ತು ನಾಲ್ಕು ವಿಕಥೆಗಳು. ವಿಕಥೆಯೆಂದರೆ ಕೆಲಸಕ್ಕೆ ಬಾರದ ಮಾತು. ಅದರಲ್ಲಿ ಊಟದ ಸುದ್ದಿಯೂ ಸೇರಿದೆ, ರಾಜಕಾರಣದ ಸುದ್ದಿಯೂ ಸೇರಿದೆ. ಗುಂಪಿನ ಯಾತ್ರೆಯಲ್ಲಿ ನಾವು ಆಡುವ ಮಾತುಗಳು ಹೆಚ್ಚಾಗಿ ಈ ಎರಡೇ ಅಲ್ಲವೇ? ಇಂದಿನ ಕಾಲಕ್ಕೆ ಮೊಬೈಲನ್ನೂ ಕೂಡಿಸಿಕೊಳ್ಳಬೇಕು. ಬಂಡೆಯ ಅಂಚಿನಲ್ಲಿ ಹಿಮ್ಮುಖವಾಗಿ ನಿಂತು ಫೋಟೊ ತೆಗೆದುಕೊಳ್ಳುವವನಿಗೆ ನಾಲ್ಕು ಮೊಳದ ನೆಲವಿರಲಿ, ತನ್ನ ಹಿಮ್ಮಡಿಯ ನೆಲವೂ ಕಾಣುವುದಿಲ್ಲ.

ಇಂಬಳದ ಪಾಠ

ಮಲೆನಾಡಿನ ಮಳೆಗಾಲದ ಬೆಟ್ಟದಲ್ಲಿ ಅಹಿಂಸೆಯ ಪರೀಕ್ಷೆ ತೆಗೆದುಕೊಳ್ಳುವ ಜೀವಿಯೊಂದಿದೆ. ನಾವು ಜಿಗಣೆ ಎನ್ನುವುದನ್ನು ಅಲ್ಲಿಯವರು ಇಂಬಳ ಎನ್ನುತ್ತಾರೆ. ತೇವದ ಎಲೆಯ ಮೇಲೆ ದಾರದ ಎಳೆಯಂತೆ ನಿಂತು, ಬೆಚ್ಚಗಿನ ಮೈಯ ಸುಳಿವು ಸಿಕ್ಕೊಡನೆ ಕಾಲಿಗೆ ಹತ್ತುತ್ತದೆ. ಕಚ್ಚಿದ್ದೂ ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ ಅದರ ಬಾಯಲ್ಲಿರುವುದರಿಂದ ಅದು ಬಿಟ್ಟುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಕೈಗೆ ಸಿಕ್ಕ ಉಪ್ಪನ್ನೋ ಸುಣ್ಣವನ್ನೋ ಹಾಕುತ್ತಾರೆ. ಅದು ಮುದುಡಿ, ಒದ್ದಾಡಿ ಸಾಯುತ್ತದೆ.

ಸ್ಪರ್ಶ ಮತ್ತು ರಸನ ಎಂಬ ಎರಡೇ ಇಂದ್ರಿಯಗಳುಳ್ಳ ಜೀವಗಳ ಗುಂಪಿನಲ್ಲಿ ಶಾಸ್ತ್ರವು ಹುಳು, ಶಂಖಗಳ ಜೊತೆ ಜಿಗಣೆಯನ್ನೂ ಎಣಿಸುತ್ತದೆ. ಅದಕ್ಕೆ ಕಣ್ಣಿನ ಸುಖವಿಲ್ಲ, ಕಿವಿಯ ಸುಖವಿಲ್ಲ. ಮುಟ್ಟುವುದು ಮತ್ತು ಸವಿಯುವುದು, ಇಷ್ಟೇ ಅದರ ಲೋಕ. ಉಪ್ಪು ಹಾಕುವುದೆಂದರೆ ಅದರ ಆ ಎರಡೂ ಇಂದ್ರಿಯಗಳಿಗೆ ಒಮ್ಮೆಲೇ ಬೆಂಕಿ ಇಟ್ಟಂತೆ. ಇದು ಕಾಲು ತಪ್ಪಿ ಆದ ಹಿಂಸೆಯಲ್ಲ. ಕೈ ನೀಡಿ ಮಾಡಿದ ಸಂಕಲ್ಪೀ ಹಿಂಸೆ. ಯಾತ್ರೆಗೆಂದು ಹೊರಟವನ ಚೀಲದಲ್ಲಿ ಅದಕ್ಕೆಂದೇ ಉಪ್ಪಿನ ಪೊಟ್ಟಣವಿದ್ದರೆ, ಹಿಂಸೆಯ ಸಿದ್ಧತೆಯನ್ನು ಮನೆಯಿಂದಲೇ ಮಾಡಿಕೊಂಡು ಬಂದಂತಾಯಿತು.

ಬೇರೆ ಉಪಾಯಗಳು ಬೇಕಾದಷ್ಟಿವೆ. ಹೊರಡುವ ಮುನ್ನ ಕಾಲಿಗೆ ಬೇವಿನ ಎಣ್ಣೆ ಸವರಿಕೊಳ್ಳಬಹುದು. ಉದ್ದನೆಯ ಕಾಲುಚೀಲದೊಳಗೆ ಪಾಯಿಜಾಮದ ಅಂಚನ್ನು ಸೇರಿಸಿಕೊಳ್ಳಬಹುದು. ಹುಲ್ಲಿನ ಅಂಚು ಬಿಟ್ಟು ದಾರಿಯ ನಡುವೆ ನಡೆಯಬಹುದು. ಹತ್ತಿಯೇ ಬಿಟ್ಟರೆ, ಅದರ ಬಾಯಿಯ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಮೆಲ್ಲಗೆ ಸರಿಸಿದರೆ ಹಿಡಿತ ಬಿಡುತ್ತದೆ. ಎಲೆಯೊಂದರ ಮೇಲೆ ಬಿಟ್ಟು, ಗಾಯ ತೊಳೆದು, ಬಟ್ಟೆ ಒತ್ತಿ ಹಿಡಿದರೆ ಸಾಕು. ಮುನಿಗಳು ಗೆಲ್ಲಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಚಳಿ, ನಡಿಗೆಯ ಶ್ರಮ, ನೊಣ ಸೊಳ್ಳೆಗಳ ಕಡಿತ ಎಂಬುವೂ ಇವೆ. ಅವರು ಜೀವಮಾನವಿಡೀ ಸಹಿಸುವುದನ್ನು ನಾವು ಒಂದು ಮುಂಜಾನೆಯ ಮಟ್ಟಿಗೆ ಸಹಿಸಿ ನೋಡುವ ಅವಕಾಶ ಇದು.

ಮೇಲಕ್ಕೂ ಒಂದು ಮಿತಿ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೆಂಬುದೊಂದಿದೆ. ಹತ್ತು ದಿಕ್ಕುಗಳಲ್ಲಿ ತಾನು ಇಂತಿಷ್ಟು ದೂರವನ್ನು ದಾಟುವುದಿಲ್ಲವೆಂದು ಮಿತಿ ಹಾಕಿಕೊಳ್ಳುವುದು. ಹತ್ತು ದಿಕ್ಕುಗಳೆಂದರೆ ಪೂರ್ವ ಪಶ್ಚಿಮಗಳಷ್ಟೇ ಅಲ್ಲ, ಮೇಲೆ ಮತ್ತು ಕೆಳಗೆ ಎಂಬುವೂ ಸೇರಿವೆ. ಈ ವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಊರ್ಧ್ವವ್ಯತಿಕ್ರಮ, ಮೇಲಿನ ಮಿತಿಯನ್ನು ಮೀರುವುದು. ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಇದನ್ನು ವಿವರಿಸುವಾಗ ಪರ್ವತ ಹತ್ತುವುದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಬಾವಿಗೆ ಇಳಿಯುವುದು ಕೆಳಗಿನ ಮಿತಿಗೆ ಉದಾಹರಣೆ. ಐದನೆಯ ಅತಿಚಾರ ಸ್ಮೃತ್ಯಂತರಾಧಾನ. ಹಾಕಿಕೊಂಡ ಮಿತಿಯನ್ನೇ ಮರೆತುಬಿಡುವುದು.

ಬೆಟ್ಟ ಹತ್ತುವವರೆಲ್ಲರೂ ಇದನ್ನು ಮನನ ಮಾಡಬೇಕು. ಬುಡದಲ್ಲಿ ನಿಂತಾಗ ಎಲ್ಲರೂ ವಿವೇಕಿಗಳೇ. ಶಿಖರ ಹತ್ತಿರವಾದಂತೆ ಬುಡದಲ್ಲಿ ಆಡಿದ ಮಾತು ಮರೆಯುತ್ತದೆ. ಇನ್ನು ಸ್ವಲ್ಪ, ಇನ್ನು ಹತ್ತೇ ನಿಮಿಷ ಎನ್ನುತ್ತದೆ ಮನಸ್ಸು. ಹಣದ ವಿಷಯದಲ್ಲಿ ಇದನ್ನು ಲೋಭವೆಂದು ಗುರುತಿಸುವ ನಾವು, ದರ್ಶನದ ವಿಷಯದಲ್ಲಿ ಬಂದಾಗ ಭಕ್ತಿಯೆಂದು ಕರೆದುಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಅಕ್ಟೋಬರಿನ ರಜೆಯಲ್ಲಿ ನಮ್ಮ ಊರಿನ ಮತ್ತು ಅಕ್ಕಪಕ್ಕದ ಹಳ್ಳಿಗಳ ಇಪ್ಪತ್ತಮೂರು ಜನ ಕುಂದಾದ್ರಿಗೆ ಹೋಗಿದ್ದೆವು. ವಾಹನ ಹೋಗುವ ರಸ್ತೆ ಮೇಲಿನವರೆಗೂ ಇದೆಯಾದರೂ ಪಾದಯಾತ್ರೆಯ ಸಂಕಲ್ಪವಿದ್ದುದರಿಂದ ಬುಡದಲ್ಲಿಯೇ ಇಳಿದು ಆ ರಸ್ತೆಯಲ್ಲಿಯೇ ನಡೆದೆವು. ತುಂತುರು ಮಳೆಯಿತ್ತು. ಹೊರಡುವ ಮೊದಲು ಗುಂಪಿನ ಹಿರಿಯ ಶ್ರಾವಕರೊಬ್ಬರು ಎಲ್ಲರನ್ನೂ ನಿಲ್ಲಿಸಿ, "ಹನ್ನೆರಡು ಹೊಡೀತಂದ್ರ ಎಲ್ಲೇ ಇರಲಿ, ಅಲ್ಲಿಂದನ ಹೊಳ್ಳಿ ಇಳಿಯೂದು. ಒಪ್ಪಿಗಿ ಇದ್ದವ್ರು ಬರ್ರಿ" ಎಂದರು. ಎಲ್ಲರೂ ಒಪ್ಪಿದೆವು.

ಮೇಲೇರಿದಂತೆ ಮಂಜು ದಟ್ಟವಾಯಿತು, ಗಾಳಿ ಜೋರಾಯಿತು. ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಮೊಣಕಾಲು ನೋವು. ಅವರ ಹೆಜ್ಜೆಗೆ ತಕ್ಕಂತೆ ಎಲ್ಲರೂ ನಿಂತು ನಿಂತು ನಡೆಯುತ್ತಿದ್ದೆವು. ಕೊನೆಯ ತಿರುವುಗಳ ಹತ್ತಿರ ಬರುವಷ್ಟರಲ್ಲಿ ಮಳೆ ಬಿರುಸಾಯಿತು. ಆ ತಾಯಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತರು. ಚಳಿಗೆ ಕೈಗಳು ನಡುಗುತ್ತಿದ್ದವು. ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷವಿತ್ತು.

ಕಾಲೇಜು ಓದುತ್ತಿದ್ದ ಹುಡುಗನೊಬ್ಬ ನನ್ನ ಹತ್ತಿರ ಬಂದು, "ಮಾಸ್ತರ್, ಇನ್ನೇನು ಮೆಟ್ಟಲ ಬಂದವು. ಆಯಿ ಇಲ್ಲೇ ಕುಂದರಲಿ. ನಾವು ಹತ್ತ ನಿಮಿಷದಾಗ ದರ್ಶನ ಮಾಡಿ ಬಂದುಬಿಡ್ತೀವ್ರಿ" ಎಂದ. ಅವನ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅಷ್ಟು ದೂರದಿಂದ ಬಂದು ಸ್ವಾಮಿಯ ಮುಖ ಕಾಣದೆ ಹೋಗುವುದೆಂದರೆ ಯಾರ ಮನಸ್ಸೂ ಒಪ್ಪುವುದಿಲ್ಲ. ಹಿರಿಯರು ಮಾತ್ರ ಮೆಲ್ಲಗೆ ನಕ್ಕು, "ಹತ್ತ ನಿಮಿಷ ಅಂತ ನೀ ಹೇಳ್ತಿ. ಮಂಜು ಒಪ್ಪಬೇಕಲ್ಲಪಾ?" ಎಂದರು. ಅಷ್ಟು ಹೊತ್ತಿಗೆ ನಮ್ಮಲ್ಲಿಯೇ ಮುಂದೆ ನಿಂತ ನಾಲ್ವರು ಹಿಂದಿನವರಿಗೆ ಕಾಣದಾಗಿದ್ದರು. ಕೂಗಿ ಕರೆದು, ಎಣಿಸಿ, ಇಪ್ಪತ್ತಮೂರೂ ಜನ ಇದ್ದೇವೆಂದು ಖಚಿತಪಡಿಸಿಕೊಂಡೆವು. ನಿಂತಲ್ಲಿಯೇ ಬಸದಿಯ ದಿಕ್ಕಿಗೆ ಮುಖ ಮಾಡಿ ಒಂಬತ್ತು ಸಲ ನಮೋಕಾರ ಮಂತ್ರವನ್ನು ಪಠಿಸಿ, ಪರೋಕ್ಷ ವಂದನೆ ಸಲ್ಲಿಸಿ ಇಳಿಯತೊಡಗಿದೆವು.

ದಾರಿಯಲ್ಲಿ ಆ ತಾಯಿ, "ನನ್ನ ಸಲುವಾಗಿ ನಿಮಗೆಲ್ಲಾರಿಗೂ ದರ್ಶನ ತಪ್ಪಿತಲ್ರೆಪಾ" ಎಂದು ಕಣ್ಣೀರು ತಂದರು. ಮುಂದೆ ಹೋಗೋಣವೆಂದಿದ್ದ ಹುಡುಗನೇ ಅವರ ಕೈ ಹಿಡಿದು ನಡೆಸುತ್ತಿದ್ದ. "ಹಂಗ್ಯಾಕ ಅಂತೀರಿ ಆಯಿ? ಸ್ವಾಮಿ ಎಲ್ಲಿಗೂ ಹೋಗೂದಿಲ್ಲ. ಸಂಕ್ರಾಂತಿಗೆ ಬಿಸಲಾಗ ಬರೂಣು, ನೀವೂ ಬರ್ರಿ" ಎಂದ. ಕುಂದಾದ್ರಿಯಲ್ಲಿ ಮಕರ ಸಂಕ್ರಾಂತಿಗೆ ಜಾತ್ರೆ ನಡೆಯುತ್ತದೆ. ಆಗ ಆಕಾಶ ತಿಳಿಯಾಗಿರುತ್ತದೆ. ಆ ವರ್ಷ ಅವರೂ ಬಂದರು, ದರ್ಶನವೂ ಆಯಿತು.

ಸ್ಥಿತಿಕರಣವೆಂಬ ಅಂಗ

ಆ ಹುಡುಗ ಕೈ ಹಿಡಿದು ನಡೆಸಿದ್ದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಿದೆ. ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳು. ಅವುಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಒಬ್ಬಂಟಿಯಾಗಿ ಸಾಧಿಸಲಾಗದವು. ಜೊತೆಯಲ್ಲಿ ಇನ್ನೊಬ್ಬರು ಇರಲೇಬೇಕು. ಧರ್ಮಮಾರ್ಗದಿಂದ ಜಾರುತ್ತಿರುವವರನ್ನು ಮತ್ತೆ ನೆಲೆಗೆ ನಿಲ್ಲಿಸುವುದು ಸ್ಥಿತಿಕರಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ವಾರಿಷೇಣನನ್ನು ನಿದರ್ಶನವಾಗಿ ಹೇಳಿದ್ದಾರೆ. ಶ್ರೇಣಿಕ ಮಹಾರಾಜನ ಮಗನಾದ ಆತ ಮುನಿಯಾದ ಮೇಲೆ, ದೀಕ್ಷೆಯಲ್ಲಿ ಮನಸ್ಸು ನಿಲ್ಲದೆ ಹೋದ ತನ್ನ ಗೆಳೆಯನನ್ನು ಗದರಿಸದೆ, ಹೀಯಾಳಿಸದೆ ಮರಳಿ ನೆಲೆಗೆ ತಂದವನು. ನಮ್ಮ ನೆರೆಯ ಗದಗ ಜಿಲ್ಲೆಯ ಮುಳಗುಂದದಲ್ಲಿದ್ದ ನಯಸೇನ ಕವಿ 1112ರಲ್ಲಿ ರಚಿಸಿದ ಧರ್ಮಾಮೃತವು ಸಮ್ಯಗ್ದರ್ಶನ, ಅದರ ಎಂಟು ಅಂಗಗಳು ಮತ್ತು ಐದು ವ್ರತಗಳನ್ನು ಹದಿನಾಲ್ಕು ಆಶ್ವಾಸಗಳ ಕಥೆಗಳಾಗಿ ಹೇಳಿದೆ. ಸಾಮಾನ್ಯ ಜನರಿಗೆ ತಿಳಿಯುವ ಕನ್ನಡದಲ್ಲಿ, ಸಾಲು ಸಾಲಾಗಿ ಉಪಮೆಗಳನ್ನು ಕೊಟ್ಟು ಹೇಳಿದ ಗ್ರಂಥವದು. ಯಾತ್ರೆಯ ಬಸ್ಸಿನಲ್ಲಿ ಮಕ್ಕಳಿಗೆ ಈ ಕಥೆಗಳನ್ನು ಹೇಳಬಾರದೇಕೆ?

ಹಾವಸೆಯ ಬಂಡೆಯ ಮೇಲೆ ಜಾರುವವನನ್ನು ಹಿಡಿದು ನಿಲ್ಲಿಸುವುದು ದೇಹದ ಸ್ಥಿತಿಕರಣ. "ನನ್ನಿಂದ ಎಲ್ಲರಿಗೂ ತೊಂದರೆಯಾಯಿತು" ಎಂದು ಕುಗ್ಗಿದವರನ್ನು ಸಂತೈಸುವುದು ಮನಸ್ಸಿನ ಸ್ಥಿತಿಕರಣ. ನಡೆಯಲಾರದವರ ಕೊರತೆಯನ್ನು ಎತ್ತಿ ಆಡದಿರುವುದು ಉಪಗೂಹನ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆ ಎಂಬ ತತ್ತ್ವಾರ್ಥಸೂತ್ರದ ಮಾತು ನಮ್ಮ ಜೈನ ಪ್ರತೀಕದ ಕೆಳಗೆ, ಆಮಂತ್ರಣ ಪತ್ರಿಕೆಗಳ ತಲೆಯ ಮೇಲೆ ಅಚ್ಚಾಗುತ್ತಲೇ ಇರುತ್ತದೆ. ಮಂಜಿನ ಬೆಟ್ಟದಲ್ಲಿ ಅದು ಅಚ್ಚಿನಿಂದ ಇಳಿದು ಕೈಗೆ ಬರುತ್ತದೆ.

ಕೆಲವರು ಕೇಳಬಹುದು: ಕಷ್ಟಪಟ್ಟು ಹತ್ತುವುದೇ ತಪಸ್ಸಲ್ಲವೇ? ಆರು ಬಾಹ್ಯ ತಪಗಳಲ್ಲಿ ಕಾಯಕ್ಲೇಶವೂ ಒಂದಲ್ಲವೇ? ನಿಜ. ಆದರೆ ಕಾಯಕ್ಲೇಶವು ತನ್ನ ಶರೀರಕ್ಕೆ ತಾನು ಸಮತೆಯಿಂದ ಕೊಟ್ಟುಕೊಳ್ಳುವುದು. ಪಕ್ಕದವರ ಶರೀರಕ್ಕೆ ಕೊಡುವುದಲ್ಲ. ನಮ್ಮ ಹಟಕ್ಕೆ ಒಬ್ಬ ವೃದ್ಧರು ಚಳಿಯಲ್ಲಿ ಒಬ್ಬರೇ ಕುಳಿತಿರಬೇಕಾದರೆ ಅಲ್ಲಿ ತಪಸ್ಸಿನ ಲೆಕ್ಕ ಮುಗಿಯಿತು. ತನ್ನ ಶರೀರದ ಕಷ್ಟವೂ ಒಳಗೆ ಗೊಣಗಾಟವನ್ನು, ಆರ್ತಧ್ಯಾನವನ್ನು ಹುಟ್ಟಿಸಿದರೆ ಕರ್ಮ ಕಳೆಯುವ ಬದಲು ಕೂಡುತ್ತದೆ.

ಇನ್ನೊಬ್ಬರ ಶರೀರದ ಮಾತು ಬಂದಾಗ ಡೋಲಿಯವರ ನೆನಪೂ ಆಗಬೇಕು. ಸಮ್ಮೇದ ಶಿಖರದ ವಂದನೆ ಸುಮಾರು 27 ಕಿಲೋಮೀಟರ್. ಪಾರಸನಾಥ ಬೆಟ್ಟದ ಎತ್ತರ 1,365 ಮೀಟರ್. ನಡೆಯಲಾರದ ಹಿರಿಯರು ಡೋಲಿಯಲ್ಲಿ ಹೋಗುವುದು ತಪ್ಪಲ್ಲ. ಆದರೆ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಶಕ್ತಿ ಮೀರಿ ಭಾರ ಹೊರಿಸಬಾರದೆಂಬ ಮಾತು ಎತ್ತಿಗೆ ಅನ್ವಯಿಸುವಂತೆ ಮನುಷ್ಯನ ಹೆಗಲಿಗೂ ಅನ್ವಯಿಸುತ್ತದೆ. ಮಳೆಯಲ್ಲಿ ಜಾರುವ ಮೆಟ್ಟಿಲ ಮೇಲೆ ನಮ್ಮನ್ನು ಹೊತ್ತವರಿಗೆ "ಬೇಗ ನಡೆ" ಎನ್ನದಿರುವುದು, ಅವರು ಕೇಳಿದಲ್ಲಿ ನಿಲ್ಲಲು ಬಿಡುವುದು, ಕೂಲಿಯಲ್ಲಿ ಚೌಕಾಸಿ ಮಾಡದಿರುವುದು ಇವೆಲ್ಲವೂ ವಂದನೆಯ ಭಾಗಗಳೇ.

ಹೊರಡುವವರಿಗೆ ಕೆಲವು ಮಾತು

ಮಳೆಯ ದಿನಗಳಲ್ಲಿ ಗುಂಪಾಗಿ ಬೆಟ್ಟಕ್ಕೆ ಹೋಗುವ ಬಂಧುಗಳು ಬುಡದಲ್ಲಿಯೇ ಒಂದು ಮಿತಿಯನ್ನು ಎಲ್ಲರ ಎದುರಿನಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಮನಸ್ಸಿನಲ್ಲಿಟ್ಟುಕೊಂಡ ಮಿತಿ ಮೇಲೇರುವಷ್ಟರಲ್ಲಿ ಕರಗುತ್ತದೆ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಬೇಕು. ಆಗ ಯಾರೂ ಹಿಂದೆ ಉಳಿಯುವುದಿಲ್ಲ. ಕೊನೆಯಲ್ಲಿ ದಾರಿ ಬಲ್ಲ ಗಟ್ಟಿಗರೊಬ್ಬರಿರಬೇಕು. ತಿರುವು ತಿರುವಿಗೂ ಎಣಿಕೆಯಾಗಬೇಕು. ಹೊಸ ಕಾಲುದಾರಿ ಹುಡುಕದೆ ತುಳಿದ ದಾರಿಯಲ್ಲಿಯೇ ನಡೆದರೆ ಜೀವಗಳಿಗೂ ಕ್ಷೇಮ, ನಮಗೂ ಕ್ಷೇಮ.

ಕುಡಿಯುವ ನೀರನ್ನು ಸೋಸಿಯೇ ಒಯ್ಯಬೇಕು. ಬೆಟ್ಟದ ಝರಿ ಎಷ್ಟೇ ತಿಳಿಯಾಗಿ ಕಂಡರೂ ಅದು ಸೋಸಿದ ನೀರಲ್ಲ. ರಾತ್ರಿಭೋಜನ ತ್ಯಾಗವಿರುವವರು ಇನ್ನೊಂದನ್ನು ನೆನಪಿಡಬೇಕು. ಮಂಜಿನ ದಿನ ಸೂರ್ಯ ಎಲ್ಲಿದ್ದಾನೆಂದು ತಿಳಿಯುವುದಿಲ್ಲ. ಆಕಾಶವನ್ನು ನಂಬದೆ ಪಂಚಾಂಗದ ಅಸ್ತಮಾನದ ವೇಳೆಯನ್ನು ನೋಡಿಕೊಂಡು, ಅದಕ್ಕಿಂತ ಸಾಕಷ್ಟು ಮೊದಲೇ ಊಟ ಮುಗಿಸಬೇಕು. ಪ್ಲಾಸ್ಟಿಕ್ ಹಾಳೆ, ಬಿಸ್ಕೀಟಿನ ಕಾಗದಗಳನ್ನು ಮರಳಿ ಚೀಲಕ್ಕೆ ಹಾಕಿಕೊಳ್ಳುವುದನ್ನು ಬೇರೆ ಹೇಳಬೇಕಾಗಿಲ್ಲ. ವಸ್ತುವನ್ನು ಎತ್ತುವಾಗ ಇಡುವಾಗ ಎಚ್ಚರವಿರಬೇಕೆಂಬ ಆದಾನ ನಿಕ್ಷೇಪಣ ಸಮಿತಿ ಅದನ್ನು ಎಂದೋ ಹೇಳಿದೆ.

ಕಾಣದಿದ್ದರೂ ಇರುವುದು

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಎಂಟು ಕರ್ಮಗಳಿಗೆ ಎಂಟು ಹೋಲಿಕೆಗಳನ್ನು ಕೊಟ್ಟಿದ್ದಾರೆ. ಜ್ಞಾನಾವರಣೀಯ ಕರ್ಮಕ್ಕೆ ಅವರು ಕೊಟ್ಟ ಹೋಲಿಕೆ ದೇವರ ಮುಖಕ್ಕೆ ಹೊದಿಸಿದ ಬಟ್ಟೆ. ಬಟ್ಟೆ ಮುಚ್ಚಿದ ಮಾತ್ರಕ್ಕೆ ಮೂರ್ತಿ ಇಲ್ಲವಾಗುವುದಿಲ್ಲ. ನಮಗೆ ಕಾಣುವುದಿಲ್ಲ ಅಷ್ಟೆ. ಮಂಜು ಮುಸುಕಿದ ಕುಂದಾದ್ರಿಯ ನೆತ್ತಿಯ ಮೇಲೆಯೂ ಪಾರ್ಶ್ವನಾಥ ಸ್ವಾಮಿ ಇದ್ದೇ ಇದ್ದಾರೆ. ಹಾಗೆಯೇ ಪ್ರತಿಯೊಂದು ಜೀವದ ಒಳಗೆ, ಕಾಲಿಗೆ ಹತ್ತುವ ಇಂಬಳದ ಒಳಗೂ, ಅನಂತ ಜ್ಞಾನದ ಶಕ್ತಿ ಮುಚ್ಚಿಕೊಂಡೇ ಇದೆ. ಆ ಶ್ರದ್ಧೆ ಇದ್ದವನು ಯಾವ ಜೀವವನ್ನೂ ಕಡೆಗಣಿಸಿ ತುಳಿಯಲಾರ. ಹಿಂದೆ ಬಿಟ್ಟು ಹೋಗಲಾರ.

ಎರಡರಲ್ಲಿ ಒಂದು ವ್ಯತ್ಯಾಸವಿದೆ. ಬೆಟ್ಟದ ಮಂಜು ಬಿಸಿಲೇರಿದೊಡನೆ ತಾನೇ ಕರಗುತ್ತದೆ. ಕರ್ಮದ ಮಂಜಿಗೆ ನಮ್ಮ ಪ್ರಯತ್ನ ಬೇಕು. ಹೊಸದು ಬಾರದಂತೆ ತಡೆಯುವ ಸಂವರ, ಇದ್ದುದನ್ನು ಕಳೆಯುವ ನಿರ್ಜರೆ. ಸಮಿತಿಯೆಂದರೆ ಸಂವರದ ದಾರಿ. ಎಂದರೆ ನೋಡಿ ಇಟ್ಟ ಒಂದೊಂದು ಹೆಜ್ಜೆಯಿಂದಲೂ ಒಳಗಿನ ಮಂಜು ಅಷ್ಟರಮಟ್ಟಿಗೆ ದಟ್ಟವಾಗುವುದು ತಪ್ಪುತ್ತದೆ. ಶಿಖರ ಮುಟ್ಟಿದ ದಿನವೂ ಇದು ಸತ್ಯ. ಅರ್ಧ ದಾರಿಯಿಂದ ಮರಳಿದ ದಿನವೂ ಸತ್ಯ. ಬೆಟ್ಟಕ್ಕೆ ಹೋಗದೆ ಹೊಲದ ಬದುವಿನ ಮೇಲೆ, ಊರ ಓಣಿಯಲ್ಲಿ, ಮನೆಯ ಅಂಗಳದಲ್ಲಿ ನಡೆಯುವ ದಿನವೂ ಸತ್ಯ. ನಾಲ್ಕು ಮೊಳದ ನೆಲ ಎಲ್ಲೆಲ್ಲಿಯೂ ನಮ್ಮ ಮುಂದೆ ಇದ್ದೇ ಇರುತ್ತದೆ. ಅದನ್ನು ನೋಡುವ ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸೋಣ.

ಜೈ ಜಿನೇಂದ್ರ.